ಆರ್ವಿಡ್‌ನ ಗಾಡಿಯ ತುಕ್ಕು

ಹಲೋ... ಯಾರು ಮಾತಾಡ್ತಿರೋದು, ನಾರ್ಬರ್ಟಾ? ನಾನು ಲವಾನ್. ಆರ್ವಿಡ್ ಹೆಂಡ್ತಿ ಕಣೋ, ನಿಂಗೆ ಇನ್ನೆಷ್ಟು ಜನ ಲವಾನ್ ಗೊತ್ತು?

...

ಶ್, ಹೆಸರು ಹೇಳ್ಬೇಡ. ಅವನು ಪಕ್ಕದಲ್ಲೇ ಇದಾನಾ?

...

ಮೀನು ಕುಯ್ತಿದಾನಾ? ಒಳ್ಳೇದಾಯ್ತು, ಕೈಯೆಲ್ಲ ಲೋಳೆ ಇರುತ್ತೆ, ಫೋನ್ ಕಿತ್ಕೊಳ್ಳಲ್ಲ. ನೀನು ಹಾಗೇ ದೋಣಿ ಕಟ್ಟೋ ಕಡೆ ನಡಿ. ಕೇಳಿದ್ರೆ ಹಲ್ಲಿನ ಡಾಕ್ಟ್ರು ಅನ್ನು.

...

ಭಾನುವಾರ ಆದ್ರೇನು, ನಿನ್ನ ಹಲ್ಲಿಗೆ ಭಾನುವಾರಾನೂ ಡಾಕ್ಟ್ರು ಬೇಕು. ದೂರ ಬಂದ್ಯಾ? ಹಾಂ. ಈಗ ಕೇಳು. ಶನಿವಾರದ ಹಳೇ ಗಾಡಿಗಳ ಸ್ಪರ್ಧೇಲಿ ಈ ಸಲ ಕಪ್ ನಮ್ಮದೇ. ನಾನು, ನಮ್ಮಕ್ಕ ಮಾರ್ಲಿಸ್ ಸೇರಿ ಅವನ ಪಿಕಪ್ ಗಾಡಿ ಮುಗಿಸಿಬಿಟ್ವಿ.

...

ಮುಗಿಸಿದ್ವಿ ಅಂದ್ರೆ ಹಾಳು ಮಾಡಿದ್ವಿ ಅಂತಲ್ಲ. ಬಣ್ಣ ಹೊಡೆದ್ವಿ. ಅವನು ನಾಲ್ಕು ಚಳಿಗಾಲ ಷೆಡ್ಡಲ್ಲಿ ಕೂತು ಇಂಜಿನ್ ಬಿಚ್ಚಿ ಕಟ್ಟಿದ, ಬ್ರೇಕ್ ಹಾಕಿದ, ಹಿಂದಿನ ತೊಟ್ಟಿಗೆ ಓಕ್ ಹಲಗೆ ಹಾಸಿದ. ಮೈ ಮಾತ್ರ ಹಾಗೇ ಬಿಟ್ಟ, ತುಕ್ಕು ಹಿಡಿದ ಕಾವಲಿ ಥರ. ಪಾಪ, ಭುಜ ನೋವು, ಉಜ್ಜೋಕಾಗ್ತಿಲ್ಲ ಅಂದ್ಕೊಂಡೆ. ನೀವು ಕೆರೆ ಕಡೆ ಹೊರಟ ದಿನವೇ ಉಜ್ಜೋ ಮಷಿನ್ ತಂದ್ವಿ. ಗಾಜಿಗೆಲ್ಲ ನ್ಯೂಸ್‌ಪೇಪರ್ ಅಂಟಿಸಿ, ಗುಳಿ ಬಿದ್ದಲ್ಲೆಲ್ಲ ಪುಟ್ಟಿ ಮೆತ್ತಿ... ಮಾರ್ಲಿಸ್ ಸೀನಿದ್ರೆ ಇನ್ನೂ ಕೆಂಪು ಧೂಳು ಬರ್ತಿದೆ. ಈಗ ನೋಡ್ಬೇಕು ನೀನು. ತಿಳಿನೀಲಿ. ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ನಿಂಗೆ ತಲೇಲಿ ಕೂದಲಿದ್ರೆ.

...

ಹಲೋ? ಇದೀಯಾ?

...

ಎಲ್ಲಾ ಅಂದ್ರೆ ಎಲ್ಲಾ. ಬಾನೆಟ್ಟು, ಮಡ್‌ಗಾರ್ಡು, ಎರಡೂ ಬಾಗಿಲು. ಯಾಕೆ ಹಾಗೆ ಉಸಿರು ಬಿಡ್ತೀಯಾ?

...

ನಿಧಾನ ಹೇಳು. ತುಕ್ಕಿಗೇ ಬಹುಮಾನ? ಬಣ್ಣ ಮುಟ್ಟದ ಹಳೇ ಗಾಡಿಗಳಿಗೆ ಅಂತಲೇ ಬೇರೆ ಸ್ಪರ್ಧೆ? ಅಂದ್ರೆ ಯಾರ ಗಾಡಿ ಚೆನ್ನಾಗಿ ಕೊಳೆತಿದೆ ಅಂತ ನೋಡೋಕೆ ದೊಡ್ಡ ಮನುಷ್ಯರು ಟೋಪಿ ಹಾಕ್ಕೊಂಡು ಬರ್ತಾರೆ, ಅಲ್ವಾ?

...

ನಂಗೇನು ಗೊತ್ತು? ಹೋದ ವರ್ಷ ನಾನು ಚರ್ಚಿನ ಟೇಬಲ್ಲಲ್ಲಿ ಪೈ ಮಾರ್ತಾ ಕೂತಿದ್ದೆ, ನಿಮ್ಮ ಗಾಡಿಗಳ ಹತ್ರ ಬಂದೇ ಇಲ್ಲ. ನಿಂಗೆ ಕಪ್ ಬಂತು, ಅವನಿಗೆ ಎರಡನೇ ಬಹುಮಾನದ ರಿಬ್ಬನ್ನು. ಬಣ್ಣ ಇಲ್ಲದ್ದಕ್ಕೇ ಸೋತ ಅಂದ್ಕೊಂಡೆ. ಅವನಾದ್ರೂ ಬಾಯಿ ಬಿಟ್ಟು ಹೇಳಿದ್ನಾ? ಮದುವೆ ಆದಾಗಿಂದ ಆ ಮನುಷ್ಯ ಆಡಿರೋ ಮಾತೆಲ್ಲ ಸೇರಿಸಿದ್ರೂ ಒಂದು ಪೋಸ್ಟ್‌ಕಾರ್ಡ್ ತುಂಬಲ್ಲ.

...

ಹೂಂ, ಸವರ್ತಿದ್ದ. ಸಂಜೆ ಸಂಜೆ ಬಟ್ಟೆಗೆ ಅಗಸೆ ಎಣ್ಣೆ ಹಾಕಿ. ತುಕ್ಕು ಬಿಡ್ಲಿ ಅಂತ ಔಷಧಿ ಹಚ್ತಿದಾನೆ ಅಂದ್ಕೊಂಡೆ. ತುಕ್ಕಿಗೆ ಮೆರುಗು ಕೊಡೋಕಾ ಅದು? ನನ್ನ ಬೆನ್ನಿಗೆ ಒಂದು ದಿನಾನೂ ನೋವಿನೆಣ್ಣೆ ಹಚ್ಚಲಿಲ್ಲ ಕಣೋ.

...

ಬಾಗಿಲ ಮೇಲಿನ ಅಕ್ಷರಾನಾ? ಎಕ್ಲುಂಡ್ ಹಾಲಿನ ಡೈರಿ ಅಂತ ಹಳೇ ಮಾಲೀಕರ ಹೆಸರು ಅರ್ಧ ಅಳಿಸಿಹೋಗಿತ್ತಲ್ಲ, ಅದಾ? ಅದೂ ಹೋಯ್ತು. ಆದ್ರೆ ಮಾರ್ಲಿಸ್ ಹೊಸದಾಗಿ ಬರೆದಿದಾಳೆ, ಚಿನ್ನದ ಬಣ್ಣದಲ್ಲಿ. ಪಕ್ಕದಲ್ಲಿ ಒಂದು ಹಸೂನೂ ಬರೆದಿದಾಳೆ. ಹಸುವಿಗೆ ರೆಪ್ಪೆಗೂದಲು ಇದೆ.

...

ನಗಬೇಡ. ಅವನು ಕೂಗಾಡಿದ್ರೆ ಪರವಾಗಿಲ್ಲ ಮಾರಾಯಾ, ನಾನೂ ಕೂಗಾಡ್ತೀನಿ. ಅವನು ಕೂಗಾಡಲ್ಲ. ತಟ್ಟೇಲಿರೋ ಆಲೂಗಡ್ಡೆ ನೋಡ್ತಾ ಕೂತ್ಕೋತಾನೆ. ಹೋದ ಸಲ ಆ ರಿಬ್ಬನ್ನು ಬಂದಾಗ ಹಿಮ ಬೀಳೋ ತನಕ ಹಾಗೇ ಕೂತಿದ್ದ. ಇನ್ನೊಂದು ಸಲ ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಏನಾದ್ರೂ ದಾರಿ ಹೇಳು.

...

ವಿನೆಗರ್ರಾ? ಉಪ್ಪು? ನಾನೇನು ಸೌತೆಕಾಯಿ ಉಪ್ಪಿಗೆ ಹಾಕ್ತಿದೀನಾ?

...

ಹಾಂ, ಹಾಂ. ಬಣ್ಣ ಕೆರೆದು ಬರೀ ತಗಡು ಮಾಡೋದು. ಅದಕ್ಕೆ ವಿನೆಗರ್, ಉಪ್ಪು, ಗಾಯ ತೊಳೆಯೋ ಪೆರಾಕ್ಸೈಡು ಸೇರಿಸಿ ಸಿಂಪಡಿಸೋದು. ಬಿಸಿಲಿಗೆ ಬಿಡೋದು. ಬುಸುಬುಸು ನೊರೆ ಬರುತ್ತೆ, ಹೆದರಬಾರದು. ಎರಡು ಮೂರು ಸಲ ಮಾಡಿದ್ರೆ ಕೆಂಪಗೆ ತುಕ್ಕು. ಆಮೇಲೆ ಎಣ್ಣೆ.

...

ಅಲ್ಲ, ನೊರೆ ಬರುತ್ತೆ ಅಂತ ನಿಂಗೆ ಹೇಗೆ ಗೊತ್ತು?

...

ಎಲ್ಲೋ ಓದಿದೆ ಅನ್ಬೇಡ. ಬಿತ್ತನೆ ಬೀಜದ ಕ್ಯಾಟಲಾಗ್ ಬಿಟ್ಟು ನೀನು ಏನು ಓದ್ತೀಯ. ನಾರ್ಬರ್ಟ್, ನಿನ್ನ ಗಾಡಿಯ ತುಕ್ಕು ನಿಜವಾದದ್ದೇ ಅಲ್ವಾ?

...

ಬರೀ ಛಾವಣಿ ಒಂದೇನಾ?

...

ಛಾವಣಿ, ಬಾನೆಟ್ಟು, ಹಿಂದಿನ ಬಾಗಿಲು. ಮತ್ತೆ ಇನ್ನೇನು ಉಳೀತು, ಸ್ಟೀರಿಂಗಾ? ಆ ಕಪ್ಪನ್ನ ಮನೇಲಿ ಟಿವಿ ಮೇಲೆ ಇಟ್ಕೊಂಡು ಅವನನ್ನ ಕರೆಸಿ ಕರೆಸಿ ತೋರಿಸ್ತಿದ್ಯಲ್ಲೋ. ಇರು, ನಗು ಬರ್ತಿದೆ, ಕೂತ್ಕೋತೀನಿ.

...

ಸರಿ, ಹೇಳಲ್ಲ. ನೀನೂ ಹೇಳ್ಬೇಡ. ಬುಧವಾರದ ತನಕ ಅವನನ್ನ ಅಲ್ಲೇ ಇಟ್ಕೋ. ದೋಣಿ ಇಂಜಿನ್ ಕೆಟ್ಟಿದೆ ಅನ್ನು. ಕೆಡದಿದ್ರೆ ಕೆಡಿಸು. ಅಷ್ಟರಲ್ಲಿ ನಾನು, ಮಾರ್ಲಿಸ್...

...

ಯಾರ ಹತ್ರ ಮಾತಾಡ್ತಿದೀಯಾ? ಅವನು ಬಂದ್ನಾ ಅಲ್ಲಿಗೆ?

...

‘ತಗೋ, ನಿನ್ನ ಹೆಂಡ್ತಿ ಗಾಡಿ ವಿಷಯ ಏನೋ ಹೇಳ್ಬೇಕಂತೆ’ ಅಂದ್ಯಾ? ಓಹೋ. ಇವನ ತುಕ್ಕು ಹೋಯ್ತು, ಶನಿವಾರದ ಕಪ್ಪೂ ನಂದೇ ಅಂತ ಲೆಕ್ಕ ಹಾಕಿದ್ಯಾ? ಕೊಡು. ಕೊಡು ಅವನಿಗೆ.

...

ಹಲೋ ಆರ್ವಿಡ್. ಹೂಂ, ನಾನೇ. ಮೀನು ಸಿಕ್ತಾ?

...

ಗಾಡಿ ವಿಷಯ ಹೇಳ್ತೀನಿ. ಅದಕ್ಕೆ ಮುಂಚೆ, ನಾರ್ಬರ್ಟ್ ಗಾಡಿಗೆ ತುಕ್ಕು ಹೇಗೆ ಬಂತು ಅಂತ ಕೇಳು. ಈಗತಾನೆ ನನ್ನ ಹತ್ರ ಹೇಳಿದ. ವಿನೆಗರ್ ಎಷ್ಟು, ಉಪ್ಪು ಎಷ್ಟು, ಎಲ್ಲಾ.

...

ಆರ್ವಿಡ್?

...

ತಮಾಷೆ ಅಲ್ಲ. ನನ್ನ ಯಾಕೆ ಕೇಳ್ತೀಯಾ, ಅವನ ಮುಖ ನೋಡು.

...

ದೇವರೇ, ಇಷ್ಟೊಂದು ಮಾತು ಇತ್ತಾ ನಿನ್ನ ಹೊಟ್ಟೇಲಿ? ಬಯ್ಯಿ, ಅವನನ್ನ ಚೆನ್ನಾಗಿ ಬಯ್ಯಿ. ಅದೇನಂದೆ, ಇನ್ನೊಂದು ಸಲ ಅನ್ನು. ಮಾರ್ಲಿಸ್, ಬಾ ಇಲ್ಲಿ, ಕೇಳು, ಆರ್ವಿಡ್ ಮಾತಾಡ್ತಿದಾನೆ.

...

ಏನದು ಧಬ್ ಅಂದಿದ್ದು? ನಾರ್ಬರ್ಟ್ ನೀರಿಗೆ ಬಿದ್ನಾ? ನೀನು ತಳ್ಳಿದ್ಯಾ, ಅವನೇ ಹಾರಿದ್ನಾ?

...

ಸರಿ, ಈಗ ನನ್ನ ಮಾತು ಕೇಳು. ನಾನೂ ಒಂದು ಹೇಳೋದಿದೆ. ಈಗ ಹೇಗೂ ಬೈತಾ ಇದೀಯಲ್ಲ, ಅದರಲ್ಲೇ ನಂದೂ ಸೇರಿಸಿ ಮುಗಿಸಿಬಿಡು.

...

ಏನು ಎಸೀತೀಯಾ? ಅವನ ಫೋನಾ? ಆರ್ವಿಡ್, ಅದರಲ್ಲೇ ನಾನು ಮಾತಾಡ್ತಿರೋದು. ಎಸೀಬೇಡ, ಒಂದು ನಿಮಿಷ, ನಿನ್ನ ಗಾಡಿ ಈಗ ತಿಳಿನೀ—