ಸೋಮವಾರದ ಮುಚ್ಚಳಗಳು

ನಂಜನಗೂಡು ಬಸ್ ನಿಲ್ದಾಣದಲ್ಲಿ ಬಾಟಲಿ ಮುಚ್ಚಳದ ಕಾರ್ಖಾನೆಯ ಇಬ್ಬರು ನನ್ನ ಪಕ್ಕ ಹುಲ್ಲಹಳ್ಳಿ ಬಸ್ಸಿಗೆ ಕಾಯುತ್ತಿದ್ದರು.

"ಮಧುಶ್ರೀ, ನಾಳೆ ಗಿರಾಕಿಗಳು ಬತ್ತಾರೆ. ನಮ್ಮ ಮಿಷಿನ್ನು ನೂರಕ್ಕೆ ಎಷ್ಟು ಮುಚ್ಚಳ ಕೆಡಿಸ್ತದೆ ಅನ್ನೋ ಲೆಕ್ಕ ಆಯ್ತಾ?"

"ದಿನಾ ಒಂದಷ್ಟು ತಗ್ದು ಕೆಟ್ಟಿರೋದ ಎಣಿಸಿವ್ನಿ ಸಾ. ಸೋಮವಾರ ಮಾತ್ರ ವಿಪರೀತ ಕೆಟ್ಟವೆ."

"ಸೋಮವಾರ ತಗ್ದಾಕು. ಗ್ರಾಫು ಚಂದಾಗಿ ಬತ್ತದೆ."

"ಅವತ್ತು ಯಾಕೆ ಕೆಟ್ಟೋ, ಗೊತ್ತಾ ಸಾ?"

"ಇಲ್ಲ ಕಣಮ್ಮ."

"ಅಂಗಾದ್ರೆ ನಾಳೆನೂ ಕೆಡಬೋದಲ್ವಾ? ಕಾರಣ ಸಿಗೋವರ್ಗೂ ಮಿಷಿನ್ ಇಷ್ಟೇ ಕೆಡಿಸ್ತದೆ ಅಂತ ನಾನು ಸೈನ್ ಹಾಕಲ್ಲ ಸಾ."

"ಗಿರಾಕಿಗೆ ಏನ್ ಯೇಳ್ಲಿ?"

"ಹುಡುಕ್ತಾ ಇದೀವಿ ಅನ್ನಿ."

"ಹುಡುಕ್ತಾ ಇಲ್ವಲ್ಲ."

ಆಕೆ ನಕ್ಕಳು. ಆತನೂ ನಕ್ಕು, ಕಾರ್ಖಾನೆ ಕಡೆ ಹೋಗುವ ಆಟೊಗೆ ಕೈ ಅಡ್ಡ ಹಿಡಿದು ಹತ್ತಿ ಕೂತ.

"ನೀನು ಮನೆಗೋಗು. ನಾನು ಮಿಷಿನ್ ಬಿಚ್ಚುಸ್ತೀನಿ."

"ನಾನೂ ಬತ್ತೀನಿ, ಜರುಗಿ ಸಾ."

ಹುಲ್ಲಹಳ್ಳಿ ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿತು.