ಆರತಿ ಫೋಟೊ

ಚಿತ್ತಾಪುರ ಬಸ್ ಸ್ಟ್ಯಾಂಡಿನಲ್ಲಿ ವಾಡಿ ಬಸ್ಸಿಗೆ ಕಾಯುತ್ತಿದ್ದ ದಶರಥನ ಪಕ್ಕದಲ್ಲೇ ಪೀರಮ್ಮ ತನ್ನ ಅಕ್ಕನ ಮುಂದೆ ಫೋನ್ ಹಿಡಿದು ಕೂತಿದ್ದಳು.

“ಮಗಳು ದೊಡ್ಡಾಕಿ ಆದಳಂತ ಹಸಿರು ಸೀರಿ ಉಡಿಸಿ ಆರತಿ ಮಾಡಿದ್ವಲ್ಲ, ಆ ಫೋಟೊ ಫೇಸ್‌ಬುಕ್ಕಿಗೆ ಹಾಕಿಬಿಟ್ಟೆ, ಅಕ್ಕಾ.”

“ಅದ್ರಾಗ ತಪ್ಪೇನದ? ಓಣಿ ಮಂದಿನ್ನ ಕರದೇ ಮಾಡ್ತೀವಲ್ಲ.”

“ಓಣ್ಯಾಗಿಂದ ಹೆಣ್ಮಕ್ಕಳಷ್ಟೇ ಬಂದಿದ್ರು. ಇದನ್ನ ಆಕಿ ಕ್ಲಾಸಿನ ಹುಡುಗ್ರೆಲ್ಲ ನೋಡ್ಯಾರ. ಸಾಲಿಗಿ ಹೋಗಂಗಿಲ್ಲಂತ ಕುಂತಾಳ.”

“ಹಾಕೋ ಮುಂದ ಆಕಿಗಿ ಕೇಳಿದ್ದಿಲ್ಲೇನು?”

“ಹಡದಾಕಿ ನಾ, ಕೇಳೋದೇನಂತ ಹಾಕಿದೆ. ನಂದೇ ತಪ್ಪು.”

“ಹಂಗಾರ ತಗದುಬಿಡು.”

“ಹಾಕೋದಷ್ಟೇ ಬರ್ತದ, ತಗಿಯೋದು ಬರಂಗಿಲ್ಲ.”

ತೆಗೆಯುವುದು ದಶರಥನಿಗೆ ಗೊತ್ತಿತ್ತು. ಆದರೆ ‘ಕೊಡ್ರಿ ಇಲ್ಲಿ’ ಅಂದರೆ ಇಷ್ಟೊತ್ತು ಕದ್ದು ಕೇಳಿದ್ದು ಬಯಲಾಗುತ್ತದೆ. ಆ ಹುಡುಗಿಯ ಫೋಟೊ ಇನ್ನೂ ಒಬ್ಬ ಗಂಡಸು ನೋಡಿದ ಹಾಗಾಗುತ್ತದೆ. ವಾಡಿ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದ.

ಅಷ್ಟರಲ್ಲಿ ಕಾಳಗಿ ಬಸ್ಸು ಬಂತು. ಅಕ್ಕ ಚೀಲ ಎತ್ತಿಕೊಂಡು ಎದ್ದಳು.

“ಹಾಕೋದು ಯಾರು ಕಲಿಸಿದ್ರು? ತಗಿಯೋದೂ ಅವರಿಗೇ ಕೇಳು.”

ಅವಳಿಗಿಂತ ಮುಂದೆ ಹೋಗಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಪೀರಮ್ಮ ಹಿಂತಿರುಗದೆಯೇ ಅಂದಳು.

“ಮಗಳೇ ಕಲಿಸಿದ್ದು, ಅಕ್ಕಾ. ಈಗ ಫೋನೂ ಮುಟ್ಟವಲ್ಲಳು, ನನ್ನ ಕೂಡ ಮಾತೂ ಆಡವಲ್ಲಳು.”