ಏಳನೇ ರೀಲು ಮತ್ತು ನನ್ನ ಭಾವಮೈದುನ

ಗುರುತಿನ ಚೀಟಿಯಲ್ಲಿರುವ ಹೆಸರಿನವನೂ, ತಂಡದವರ ಬಾಯಲ್ಲಿ ಐವತ್ತು ವರ್ಷದಿಂದ ‘ತಿರುಪು’ ಎಂದೇ ಆಗಿಹೋದವನೂ ಆದ ನಾನು, ವಯಸ್ಸು 72, ಉದ್ಯೋಗ ಹಿಂದೆ ಧ್ವನಿಮುದ್ರಣ, ಈಗ ರೇಡಿಯೊ ರಿಪೇರಿ, ವಾಸ ಇಸ್ತ್ರಿ ಅಂಗಡಿಯ ಮೇಲಿನ ಎರಡನೇ ಮಹಡಿ, ಈ ದಿನ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

1972ರಿಂದ 1977ರವರೆಗೆ ನಾನು ಒಂದು ಸಂಗೀತ ತಂಡದ ಜೊತೆ ಊರೂರು ತಿರುಗಿದ್ದೇನೆ. ಅವರು ಹಳೆಯ ಜನಪದ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರ್, ಮ್ಯಾಂಡೊಲಿನ್, ಡ್ರಮ್ಸ್ ಹಾಕಿ ನುಡಿಸುತ್ತಿದ್ದರು. ಎರಡು ಚರಣದ ಹಾಡನ್ನು ಹತ್ತೊಂಬತ್ತು ನಿಮಿಷ ಎಳೆಯುತ್ತಿದ್ದರು. ನಡುವೆ ಏಳು ಸಲ ತಾಳ ಬದಲಾಗುತ್ತಿತ್ತು. ಯಾಕೆ ಎಂದು ಬರೆದುಕೊಳ್ಳುತ್ತಿರುವವರು ಕೇಳುತ್ತಿದ್ದಾರೆ. ನಾನೂ ಆಗ ಅದನ್ನೇ ಕೇಳಿದ್ದೆ, ಇನ್ನೂ ಉತ್ತರ ಸಿಕ್ಕಿಲ್ಲ. ತಂಡದ ಹಾಡುಗಾರ್ತಿ ಮುಂದೆ ನನ್ನ ಹೆಂಡತಿಯಾದಳು. ಡ್ರಮ್ಸ್ ಬಾರಿಸುತ್ತಿದ್ದವನು ಅವಳ ಸ್ವಂತ ತಮ್ಮ. ನಾನು ದೂರು ಕೊಟ್ಟಿರುವುದು ಅವನ ಮೇಲೆಯೇ.

ಕಛೇರಿಗಳನ್ನು ನಾನು ಸಭಾಂಗಣದ ಹಿಂದಿನ ಮೇಜಿನಿಂದ ಟೇಪಿಗೆ ಇಳಿಸುತ್ತಿದ್ದೆ. ಒಟ್ಟು ಹನ್ನೊಂದು ರೀಲು. ತಂಡ ಮುರಿದಾಗ ಮ್ಯಾಂಡೊಲಿನ್‌ನವನು ಎಲ್ಲವನ್ನೂ ತನ್ನ ಮನೆಗೆ ಹೊತ್ತುಕೊಂಡು ಹೋದ. ಮೂವತ್ತೊಂಬತ್ತು ವರ್ಷ ಯಾರಿಗೂ ಕೊಡಲಿಲ್ಲ, ತಾನೂ ಕೇಳಲಿಲ್ಲ. ಅವನು ತೀರಿಕೊಂಡ ಮೇಲೆ ಅವನ ಮಗಳು ರೀಲುಗಳನ್ನು ನನಗೆ ತಂದುಕೊಟ್ಟಳು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಆಸ್ಪತ್ರೆ ಸೇರಿದ್ದಳು. ಈಗ ಅವಳು ಹೋಗಿ ಎಂಟು ವರ್ಷ ನಾಲ್ಕು ತಿಂಗಳು.

ಆ ಕಾಲದ ಟೇಪು ಹಳತಾದರೆ ಅಂಟಂಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಕಂದು ಲೇಪ ಕಿತ್ತು ಬರುತ್ತದೆ, ಲೇಪದ ಜೊತೆ ಧ್ವನಿಯೂ ಹೋಗುತ್ತದೆ. ಅದಕ್ಕೆ ಮೊದಲು 54 ಡಿಗ್ರಿ ಶಾಖದಲ್ಲಿ ಎಂಟು ಗಂಟೆ ಇಡಬೇಕು. ನಾನು ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೀಗೆ ಹತ್ತು ರೀಲು ಬಿಸಿಮಾಡಿ ಕಂಪ್ಯೂಟರಿಗೆ ಇಳಿಸಿದ್ದೇನೆ. ಏಳನೆಯದನ್ನು ಮುಟ್ಟಿರಲಿಲ್ಲ. ಹೆದರಿಕೆ. ಹೆಚ್ಚುಕಡಿಮೆಯಾದರೆ ಅದಕ್ಕೆ ಇನ್ನೊಂದು ಪ್ರತಿ ಇಲ್ಲ.

ಏಳನೇ ರೀಲಿನಲ್ಲಿ 1976ರ ಒಂದು ಕಛೇರಿ ಇದೆ. ಅಂದು ಹಾಡಿನ ನಡುವೆ ಮ್ಯಾಂಡೊಲಿನ್‌ನ ತಂತಿ ಹರಿಯಿತು. ಅದನ್ನು ಕಟ್ಟುವ ನಾಲ್ಕು ನಿಮಿಷ ಹಾಡುಗಾರ್ತಿ ಸಭಿಕರ ಜೊತೆ ಮಾತಾಡಿದಳು. ಟೇಪು ಓಡುತ್ತಲೇ ಇತ್ತು, ನಾನು ಆಗ ಮೆಟ್ಟಿಲ ಕೆಳಗೆ ಸಭಾಂಗಣದ ದೀಪದ ಫ್ಯೂಸ್ ಹಾಕುತ್ತಿದ್ದೆ. ಭಾವಮೈದುನ ಅಭ್ಯಾಸದಂತೆ ಸಿಗರೇಟು ಸೇದಲು ಹೊರಗೆ ಹೋಗಿದ್ದ. ನಾನು ಮೇಲೆ ಬಂದಾಗ ಸುಮಾರು ಮುನ್ನೂರು ಜನ ತಿರುಗಿ ನನ್ನನ್ನೇ ನೋಡಿ ನಗುತ್ತಿದ್ದರು. ನನ್ನ ಬಗ್ಗೆ ಏನು ಹೇಳಿದೆ ಎಂದು ಕೇಳಿದೆ. ಟೇಪಿನಲ್ಲಿದೆಯಲ್ಲ, ಕೇಳಿಕೋ ಎಂದಳು. ನಿಧಾನವಾಗಿ ಕೇಳಿದರಾಯಿತು ಎಂದು ಬಿಟ್ಟೆ, ಅಷ್ಟರಲ್ಲಿ ತಂಡ ಮುರಿದು ರೀಲು ಕೈತಪ್ಪಿತು. ಮದುವೆಯಾದ ಮೇಲೂ ಅದೇ ಉತ್ತರ. ಆಸ್ಪತ್ರೆಯಲ್ಲಿ ಕೊನೆಯ ವಾರ ಕೇಳಿದಾಗಲೂ ಅದೇ ಉತ್ತರ, ಅದೇ ನಗು. ಮಹಾ ಹಟಮಾರಿ ಹೆಂಗಸು.

ಈ ದಿನ ಬೆಳಿಗ್ಗೆ 9.05ಕ್ಕೆ ನಾನು 600 ಮೀಟರ್ ದೂರದ ಕಣ್ಣಿನ ವೈದ್ಯರಲ್ಲಿಗೆ ಹೋಗಿ 10.50ಕ್ಕೆ ವಾಪಸ್ ಬಂದೆ. ಬಾಗಿಲಿನ ಬೀಗ ಸರಿಯಾಗಿತ್ತು. ಕಬ್ಬಿಣದ ಬೀರು ತೆರೆದಿತ್ತು. ಆರನೇ ಮತ್ತು ಎಂಟನೇ ರೀಲಿನ ನಡುವೆ ಜಾಗ ಖಾಲಿ ಇತ್ತು. ಮೇಜಿನ ಮೇಲಿದ್ದ ಚೀಟಿಯನ್ನು ಕೆಳಗಿನ ಇಸ್ತ್ರಿ ಅಂಗಡಿಯವನಿಂದ ಓದಿಸಿಕೊಂಡೆ, ಅದನ್ನು ಹಾಜರುಪಡಿಸಿದ್ದೇನೆ. ಅದರಲ್ಲಿ “ಭಾವ, ಏಳನೇದು ತಗೊಂಡ್ ಹೋಗ್ತಿದೀನಿ. ನೀನು ಈ ಜನ್ಮದಲ್ಲಿ ಹಾಕಲ್ಲ. ನಾನೂ ಅಕ್ಕನ ದನಿ ಕೇಳ್ಬೇಕು” ಎಂದಿದೆ. ಅವನ ಹತ್ತಿರ ನಮ್ಮ ಮನೆಯ ಇನ್ನೊಂದು ಕೀಲಿ ಇದೆ. ಕೊಟ್ಟವನು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

10.58ಕ್ಕೆ ಠಾಣೆಗೆ ಫೋನ್ ಮಾಡಿದೆ. ಕಳ್ಳ ಯಾರೆಂದು ಗೊತ್ತು, ಅವನನ್ನು ಹಿಡಿಯುವುದು ಬೇಡ, ಟೇಪನ್ನು ಯಂತ್ರಕ್ಕೆ ಹಾಕಬೇಡ ಎಂದು ಅವನಿಗೆ ಹೇಳಿದರೆ ಸಾಕು ಎಂದೆ. ಫೋನ್ ಎತ್ತಿದವರು ಇದು ಮನೆ ಜಗಳ, ಬಂದು ಬರೆದುಕೊಡಿ ಎಂದರು. ಅವನಿಗೆ ಹದಿನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಡ್ರಮ್ಸ್ ಬಾರಿಸಿ ಬಾರಿಸಿ ಅವನಿಗೆ ಎಡಗಿವಿ ಮಂದ. ಬಲಗಿವಿ ಬೇಕಾದಾಗ ಮಾತ್ರ ಮಂದ.

ಅವನ ಮನೆ 2.3 ಕಿಲೋಮೀಟರ್. ಬಸ್ಸಿಗಾಗಿ ನಲವತ್ತು ನಿಮಿಷ ಕಾದು 12.05ಕ್ಕೆ ತಲುಪಿದೆ. ರಸ್ತೆಯಲ್ಲೇ ಟೇಪು ಕಿರುಚುವ ಸದ್ದು ಕೇಳಿಸಿತು. ಓಡಿದೆ. ಈ ವಯಸ್ಸಿನಲ್ಲಿ ಓಡಿದೆ ಎಂಬುದನ್ನು ಬರೆದುಕೊಳ್ಳಿ. ಒಳಗೆ, ಯಾವುದೋ ಶಾಲೆಯಿಂದ ತಂದ ಹಳೆಯ ಯಂತ್ರದ ಮೇಲೆ ರೀಲು ಮುಗಿದು ಬಾಲ ಪಟಪಟ ಹೊಡೆಯುತ್ತಿತ್ತು. ಮೇಜಿನ ತುಂಬ ಕಂದು ಪುಡಿ. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಆಚೆ ರಸ್ತೆಯ ಮರ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಯಿಸದೆ ಯಾಕೆ ಹಾಕಿದೆಯೋ ಎಂದು ಕೇಳಿದೆ. ಕಾಯಿಸಬೇಕೆಂದು ಗೊತ್ತಿತ್ತು, ನಲವತ್ತು ನಿಮಿಷ ಇಸ್ತ್ರಿ ಪೆಟ್ಟಿಗೆಯ ಪಕ್ಕ ಇಟ್ಟಿದ್ದೆ ಎಂದ. ಈ ಮಾತನ್ನು ದಯವಿಟ್ಟು ಹಾಗೆಯೇ ಬರೆಯಿರಿ. ಎಂಟು ವರ್ಷದಿಂದ ಬೀರು ಕಾಯುತ್ತಾ ಕೂತವನಿಗೆ ನನ್ನನ್ನು ಬೈಯುವ ಹಕ್ಕಿಲ್ಲ ಎಂದೂ ಹೇಳಿದ. ಅದನ್ನೂ ಬರೆಯಿರಿ. ಅದು ನಿಜ.

ಅವನ ಕಣ್ಣು ಕೆಂಪಾಗಿತ್ತು. ಕಿರುಚಾಟದ ನಡುವೆಯೂ ಅಕ್ಕನ ಮಾತು ಮೊದಲಿನಿಂದ ಕೊನೆಯವರೆಗೆ ಕೇಳಿಸಿತು ಎಂದ. ನಗುತ್ತಾ ಅಳುತ್ತಾ, ಭಾವ, ಅಕ್ಕ ನಿನ್ನ ಬಗ್ಗೆ ಏನಂದಳು ಗೊತ್ತಾ ಎಂದು ಶುರುಮಾಡಿದ. ನಾನು ಕೈಯಿಂದ ಅವನ ಬಾಯಿ ಮುಚ್ಚಿದೆ. ಹಲ್ಲೆ ಎಂದರೆ ಅಷ್ಟೇ, ಬೇರೆ ಆಗಿಲ್ಲ.

ಕಾರಣ ಹೇಳುತ್ತೇನೆ. ನನ್ನ ಭಾವಮೈದುನ ಸುಳ್ಳನಲ್ಲ. ಆದರೆ ಯಾವ ಸಂಗತಿಯನ್ನೂ ಎರಡು ಸಲ ಒಂದೇ ರೀತಿ ಹೇಳಿದವನಲ್ಲ. ಮೊದಲ ಸಲ ಹೇಳಿದ್ದು ಮಾತ್ರ ನಿಜಕ್ಕೆ ಹತ್ತಿರ; ಎರಡನೇ ಸಲಕ್ಕೆ ಉಪ್ಪುಖಾರ ಬೀಳುತ್ತದೆ, ಮೂರನೆಯದಕ್ಕೆ ಕಥೆಯೇ ಬೇರೆ. ನನ್ನ ಮುಂದೆ ಹೇಳಿದರೆ ನನಗೆ ಹಿತವಾಗಲೆಂದು ಸೇರಿಸುತ್ತಾನೆ. ನನಗೆ ಹಿತ ಬೇಡ. ಅವಳು ಹೇಳಿದ್ದು ಬೇಕು.

12.40ರಿಂದ ಅವನು ಯಾರ ಜೊತೆಗೂ ಒಂದು ಮಾತೂ ಆಡಿಲ್ಲ. ದಾರಿಯುದ್ದಕ್ಕೂ ನಾನೇ ಕಾವಲಿದ್ದೆ. ಈಗ ಹೊರಗಿನ ಬೆಂಚಿನ ಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದಾನೆ. ಕಳ್ಳತನದ ದೂರನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದರ ಬದಲು ಅವನ ಹೇಳಿಕೆಯನ್ನು ಈಗಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ನಡುವೆ ಪ್ರಶ್ನೆ ಕೇಳಬೇಡಿ, ಭಾಷೆ ತಿದ್ದಬೇಡಿ. ಅವಳು ಎಲ್ಲಿ ನಕ್ಕಳೋ ಅಲ್ಲಿ ನಕ್ಕಳು ಎಂದು ಬರೆಯಿರಿ. ಅಷ್ಟು ಹೊತ್ತು ನಾನು ಎದುರಿನ ಅಂಗಡಿಯ ಹತ್ತಿರ ನಿಂತಿರುತ್ತೇನೆ. ಮುಗಿದ ಮೇಲೆ ಕರೆಯಿರಿ, ಕಣ್ಣಿಗೆ ಔಷಧಿ ಬಿಟ್ಟಿದ್ದಾರೆ, ನನಗೆ ಓದಲಾಗುವುದಿಲ್ಲ. ನೀವೇ ಓದಿ ಹೇಳಬೇಕು.

ಮೇಲೆ ಬರೆದಿರುವುದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ, ಮುಂದಿನ ಕೊಠಡಿ
ದಿನಾಂಕ: 14, ಮಂಗಳವಾರ, ಮಧ್ಯಾಹ್ನ 2.10
(ಸಹಿ)